ಅತೆಯೊನ ತಲೆಗಲ್ಲು

ಲೋಕಕ್ಕೆಲ್ಲ ಕಲ್ಲು ಕಳಿಸುವ ಊರು ನಮ್ಮದು. ಆದರೆ ನನ್ನ ಗಂಡನ ತಲೆಯ ಹತ್ತಿರ ನಿಲ್ಲಿಸುವುದಕ್ಕೆ ಒಂದು ಕಲ್ಲು ಸಿಗಲಿಲ್ಲ. ಇದನ್ನು ಒಂದು ವರ್ಷ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು. ಕೇಳಿದವರೆಲ್ಲ "ಅಯ್ಯೋ ಪಾಪ" ಅನ್ನುತ್ತಿದ್ದರು, ನಾನು ಮಾಡಿಕೊಟ್ಟ ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ಪಾಪ ಅಂದರೆ ಕಲ್ಲು ಬರುತ್ತದೆಯೇ?

ನಮ್ಮ ತೆಕ್ಕಿಯಾದಲ್ಲಿ ಹೊಸಿಲು ಅಮೃತಶಿಲೆಯದು, ಪಾತ್ರೆ ತೊಳೆಯುವ ಕಟ್ಟೆ ಅಮೃತಶಿಲೆಯದು, ಕೋಳಿಗೆ ನೀರಿಡುವ ಬಟ್ಟಲೂ ಅದರದ್ದೇ. ಮನೆಯ ಹಿಂದೆ ಬೆಟ್ಟ, ಬೆಟ್ಟದ ಮೈಯೆಲ್ಲ ಕ್ವಾರಿ. ಆ ಬೆಟ್ಟವನ್ನು ಮೂವತ್ತೆಂಟು ವರ್ಷ ಕೊಯ್ದ ನನ್ನ ಅತೆಯೊ ಮಾತ್ರ ಸ್ಮಶಾನದಲ್ಲಿ ಒಂದು ಮರದ ಹಲಗೆಯ ಬುಡದಲ್ಲಿ ಮಲಗಿದ್ದ. ಹಲಗೆಯ ಮೇಲೆ ನಾನೇ ಕುಂಚ ಹಿಡಿದು ಹೆಸರು ಬರೆದಿದ್ದೆ. ಒಂದೇ ಚಳಿಗಾಲದ ಮಳೆಗೆ ಅರ್ಧ ಹೆಸರು ಇಳಿದುಹೋಯಿತು.

ಅತೆಯೊ ಅಂದರೆ ನಾಸ್ತಿಕ. ಪಾದ್ರಿಗಳ ಮೇಲಿನ ಸಿಟ್ಟಿಗೆ ಅವನಪ್ಪ ಆ ಹೆಸರಿಟ್ಟಿದ್ದ. ನಮ್ಮ ಕಣಿವೆಯಲ್ಲಿ ಅಂಥ ಹೆಸರುಗಳು ಬೇಕಾದಷ್ಟಿವೆ. ಶಿಲುಬೆ ಬೇಡ, ಗಂಟೆ ಬೇಡ, ದೇವದೂತರ ಬೊಂಬೆ ಬೇಡ ಅಂತ ಅವನು ಮೊದಲೇ ಹೇಳಿಟ್ಟಿದ್ದ. ಸರಿ, ಒಪ್ಪಿದೆ. ಆದರೆ ಕಲ್ಲೂ ಬೇಡ ಅಂತ ಯಾವತ್ತೂ ಹೇಳಿರಲಿಲ್ಲ.

ಹೇಳುವುದು ಹೇಗೆ? ಅವನ ಕಲ್ಲು ಆಗಲೇ ಇತ್ತಲ್ಲ. ತೋಳನಗುಂಡಿ ಕ್ವಾರಿಯಲ್ಲಿ ಅಜ್ಜಂದಿರ ಕಾಲದಿಂದ ಒಂದು ಪದ್ಧತಿ. ಇಪ್ಪತ್ತೈದು ವರ್ಷ ದುಡಿದವನು ಬೆಟ್ಟದಿಂದ ತನಗೆ ಇಷ್ಟವಾದ ಒಂದು ಕಲ್ಲು ಆರಿಸಿಕೊಳ್ಳಬಹುದು. ಒಬ್ಬನಿಗೆ ಒಂದೇ. ಅದರ ಮೇಲೆ ಉಳಿಯಲ್ಲಿ ತನ್ನ ಗುರುತು ಕೆತ್ತಿ ಕ್ವಾರಿಯ ಅಂಚಿನ ಕಟ್ಟೆಯಲ್ಲಿ ನಿಲ್ಲಿಸುತ್ತಾನೆ. ಅದು ಅವನ ತಲೆಗಲ್ಲು. ಸತ್ತ ಮೇಲೆ ಅವನ ತಂಡದವರು ಅದನ್ನು ಇಳಿಸಿ ತಂದು ಗೋರಿಗೆ ನಿಲ್ಲಿಸಬೇಕು. ಕಾಗದವಿಲ್ಲ, ಸಹಿಯಿಲ್ಲ, ಗುರುತೇ ಎಲ್ಲ. ಇನ್ನೊಂದು ಮಾತು: ಹೆಂಡತಿಯಾದವಳು ಆ ಕಲ್ಲಿನ ಸುದ್ದಿ ಎತ್ತಬಾರದು. ಎಲ್ಲಿದೆ ಅಂತ ಕೇಳಬಾರದು, ಆ ಕಟ್ಟೆಯ ಕಡೆ ತಲೆ ಹಾಕಬಾರದು. ಕೇಳಿದರೆ ಗಂಡನ ಸಾವನ್ನು ಕರೆದ ಹಾಗೆ. ನಾನು ಬಾಯಿಬಡುಕಿ ಅಂತ ಊರಿಗೆಲ್ಲ ಹೆಸರಾದವಳು. ಆದರೂ ಇದೊಂದು ವಿಷಯದಲ್ಲಿ ತುಟಿ ಹೊಲಿದುಕೊಂಡಿದ್ದೆ. ಅದೇ ನಾನು ಮಾಡಿದ ದೊಡ್ಡ ತಪ್ಪು.

ಅತೆಯೊನ ತಂಡದಲ್ಲಿ ಐದು ಜನ. ಮೂವರು ಅವನಿಗಿಂತ ಮೊದಲೇ ಹೋದರು. ಉಳಿದವನು ಅಲ್ದೆರಿಗೊ ಒಬ್ಬ. ಎಪ್ಪತ್ತಾರು ವರ್ಷ. ಕಲ್ಲು ಕೊರೆಯುವ ಯಂತ್ರದ ಸದ್ದಿಗೆ ಎರಡು ಕಿವಿಯೂ ಹೋಗಿವೆ, ಅವನು ಬಾಯಿ ಬಿಟ್ಟರೆ ಇಡೀ ಬೀದಿಗೆ ಕೇಳುತ್ತದೆ. ಕಳೆದ ವರ್ಷ ಏಪ್ರಿಲ್‌ನಲ್ಲಿ ಅತೆಯೊ ಟೊಮ್ಯಾಟೊ ಸಸಿ ನೆಡುತ್ತಾ ಕೂತಲ್ಲೇ ಒರಗಿದಾಗ ಮೊದಲು ಹೆಗಲು ಕೊಟ್ಟವನು ಇವನೇ. ಆದರೆ ಮಣ್ಣು ಮುಚ್ಚಿದ ಮೇಲೆ, "ಕಲ್ಲಿನ ಚಿಂತೆ ಬಿಡು, ನಾನಿದ್ದೀನಿ" ಅಂತ ತಂಡದವರು ಹೇಳುವ ಮಾತನ್ನು ಇವನು ಹೇಳಲಿಲ್ಲ. ದುಃಖದಲ್ಲಿ ಮರೆತಿರಬೇಕು ಅಂದುಕೊಂಡೆ.

ನಲವತ್ತು ದಿನ ಕಾದು ಅವನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ. "ಅಲ್ದೆರಿಗೊ, ಕಲ್ಲು ಯಾವಾಗ ಇಳಿಸ್ತೀಯಾ?"

"ಆಂ? ಹಾಂ, ಕಲ್ಲು. ಮೇಲೆ ರಸ್ತೆ ಕೆಟ್ಟಿದೆ."

ಜುಲೈನಲ್ಲಿ ಕೇಳಿದೆ. ಸೊಂಟ ಹಿಡಿದುಕೊಂಡಿದೆ ಅಂದ. ಆಗಸ್ಟ್‌ನಲ್ಲಿ ಬಿಸಿಲು. ಸೆಪ್ಟೆಂಬರ್ ಹೊತ್ತಿಗೆ ನನ್ನ ಕಪ್ಪು ಸ್ಕರ್ಟು ದೂರದಲ್ಲಿ ಕಂಡರೆ ಸಾಕು, ಚೌಕ ದಾಟಿ ಆ ಮಗ್ಗುಲಿಗೆ ಹೋಗಿಬಿಡುತ್ತಿದ್ದ. ಒಂದು ದಿನ ಬೇಕರಿಯ ಬಾಗಿಲಿಗೇ ಅಡ್ಡ ನಿಂತೆ. ಕೈಯಲ್ಲಿದ್ದ ರೊಟ್ಟಿಯನ್ನೇ ನೋಡುತ್ತಾ, "ಕಂಪನಿಯವರನ್ನ ಕೇಳು ಅರ್ಮಿದಾ, ನನಗೇನೂ ಗೊತ್ತಿಲ್ಲ" ಅಂದು ನುಸುಳಿಕೊಂಡು ಹೋದ.

ಈ ಅಲ್ದೆರಿಗೊನ ಮೇಲೆ ನನಗೆ ಹಳೆಯ ಸಿಟ್ಟೂ ಒಂದಿತ್ತು. ನಾನು ಹಂದಿಯ ಬೆನ್ನಿನ ಕೊಬ್ಬನ್ನು ಕಲ್ಲುತೊಟ್ಟಿಯಲ್ಲಿ ಮಾಗಿಸಿ ಲಾರ್ದೊ ಮಾಡುವವಳು. ನನ್ನ ಅಮ್ಮ ಮಾಡುತ್ತಿದ್ದಳು, ಅವಳ ಅಮ್ಮ ಮಾಡುತ್ತಿದ್ದಳು. ತೊಟ್ಟಿಯ ಒಳಮೈಗೆ ಬೆಳ್ಳುಳ್ಳಿ ತಿಕ್ಕಿ, ಒಂದು ಪದರ ಕೊಬ್ಬು, ಒಂದು ಪದರ ಉಪ್ಪು, ಮೆಣಸು, ರೋಸ್ಮೆರಿ, ಮತ್ತೆ ಕೊಬ್ಬು. ಮೇಲೆ ಕಲ್ಲಿನ ಮುಚ್ಚಳ. ಜನವರಿಯಲ್ಲಿ ತುಂಬಿದರೆ ಜೂನ್‌ಗೆ ಮುಚ್ಚಳ ತೆಗೆಯುವುದು. ಕ್ವಾರಿಯವರ ಬುತ್ತಿ ಅಂದರೆ ಇದೇ, ರೊಟ್ಟಿಯ ಮೇಲೆ ಎರಡು ತೆಳು ತುಂಡು, ಪಕ್ಕದಲ್ಲಿ ಹಸಿ ಈರುಳ್ಳಿ. ನನ್ನದನ್ನು ತಿಂದು ತೆಗಳಿದವರಿಲ್ಲ. ಆದರೆ ಅತೆಯೊನ ತಂಡದ ಆ ನಾಲ್ವರು ಹತ್ತೊಂಬತ್ತು ವರ್ಷ ಒಂದು ತುಂಡೂ ಬಾಯಿಗೆ ಹಾಕಲಿಲ್ಲ! ಒಬ್ಬನಿಗೆ ಪಿತ್ತ, ಒಬ್ಬನಿಗೆ ಡಾಕ್ಟರು ಬೇಡ ಅಂದಿದ್ದಾರೆ, ಅಲ್ದೆರಿಗೊಗೆ ಯಾವಾಗ ಕೇಳಿದರೂ "ಈಗ ತಾನೇ ಊಟ ಆಯ್ತು". ನಮ್ಮ ಮೇಜಿನ ಮುಂದೆ ಕೂತು ಬರೀ ರೊಟ್ಟಿ ಅಗಿಯುತ್ತಿದ್ದರು. ಅತೆಯೊ ಮಾತ್ರ ಅವರ ಮುಖ ನೋಡಿ ನೋಡಿ ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. "ನನ್ನ ಕೈಯಡುಗೆ ಇವರಿಗೆ ವಿಷವೇ?" ಅಂತ ಗಂಡನ ಮೇಲೆ ಹಾರಾಡುತ್ತಿದ್ದೆ.

ತೊಟ್ಟಿಯ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಮ್ಮನ ಕಾಲದ ತೊಟ್ಟಿ ಹತ್ತೊಂಬತ್ತು ವರ್ಷದ ಹಿಂದೆ ಒಂದು ಕೆಟ್ಟ ಚಳಿಗೆ ತಳದಲ್ಲಿ ಬಿರುಕು ಬಿಟ್ಟಿತು. ಉಪ್ಪುನೀರು ಸೋರಿಹೋಗಿ ಇಡೀ ವರ್ಷದ ಕೊಬ್ಬು ಹಳದಿಗೆ ತಿರುಗಿತು. ಅಮ್ಮ ಸತ್ತಾಗ ಬರದ ಅಳು ಆಗ ಬಂತು. ಮೂರು ದಿನ ಒಲೆ ಹಚ್ಚಲಿಲ್ಲ. ಆ ತಿಂಗಳ ಕೊನೆಗೆ ಅತೆಯೊ ಮತ್ತು ಅವನ ತಂಡದವರು ಹೊಸ ತೊಟ್ಟಿಯೊಂದನ್ನು ಕಟ್ಟಿಗೆಯ ಉರುಳೆಗಳ ಮೇಲೆ ಉರುಳಿಸಿಕೊಂಡು ಬಂದು ನೆಲಮಾಳಿಗೆಗೆ ಇಳಿಸಿದರು. ಅಂಥ ಕಲ್ಲನ್ನು ನಾನು ನೋಡಿರಲಿಲ್ಲ. ಹಾಲು ಹೆಪ್ಪುಗಟ್ಟಿದ ಹಾಗೆ ನುಣುಪು.

"ಇದು ನಿನಗೆ ಹೆಂಗೆ ಸಿಕ್ಕಿತು?" ಅಂದೆ.

"ಮೇಸ್ತ್ರಿ ಬಿಟ್ಟ ಕಲ್ಲು. ಒಳಗೆ ಬಿರುಕಿನ ಎಳೆ ಓಡಿದೆ ಅಂತ ಹಡಗಿಗೆ ಹಾಕಲಿಲ್ಲ."

ಎರಡು ದಿನ ಟಾರ್ಚು ಹಿಡಿದು ಆ ಎಳೆ ಹುಡುಕಿದೆ. ಸಿಗಲಿಲ್ಲ. ಕಲ್ಲಿನೂರಿನಲ್ಲಿ ಹುಟ್ಟಿ ಬೆಳೆದ ಹೆಂಗಸು ನಾನು. ಎಳೆಯಿಲ್ಲದ ಕಲ್ಲನ್ನು ಯಾವ ಮೇಸ್ತ್ರಿ ಬಿಟ್ಟುಕೊಡುತ್ತಾನೆ ಅಂತ ಕೇಳುವಷ್ಟು ಬುದ್ಧಿ ಬೇಡವೇ? ಬರಲಿಲ್ಲ. ಪ್ರತಿ ಜೂನ್‌ನಲ್ಲಿ ತೊಟ್ಟಿ ತೆರೆಯುವ ದಿನ ಅತೆಯೊ ಕೆಳಗಿಳಿದು ಬಂದು ಬೆರಳ ಗೆಣ್ಣಿನಿಂದ ಮುಚ್ಚಳವನ್ನು ಮೂರು ಸಲ ತಟ್ಟುತ್ತಿದ್ದ. ಕಲ್ಲು ಟಣ್ ಅನ್ನುತ್ತಿತ್ತು. "ಚೆನ್ನಾಗಿದೆ" ಅನ್ನುತ್ತಿದ್ದ. ಕ್ವಾರಿಯವರ ಚಾಳಿ, ಎಲ್ಲಿ ಕಲ್ಲು ಕಂಡರೂ ತಟ್ಟುವುದು. ನಾನು "ತಟ್ಟಿದ್ದು ಸಾಕು, ಎತ್ತು" ಅಂತ ಬೈಯುತ್ತಿದ್ದೆ.

ಅಕ್ಟೋಬರಿನಲ್ಲಿ ಪದ್ಧತಿಯನ್ನೆಲ್ಲ ಗಾಳಿಗೆ ತೂರಿ ತೋಳನಗುಂಡಿ ಹತ್ತಿದೆ. ಈಗ ಅಲ್ಲಿ ಹೊಸ ಕಂಪನಿ, ನೂರು ಜನ ಮಾಡುತ್ತಿದ್ದುದನ್ನು ಏಳು ಜನ ಮಾಡುತ್ತಾರೆ. ಇಳಿಯುವ ಲಾರಿಗಳಲ್ಲಿ ಅರ್ಧಕ್ಕರ್ಧ ಬರೀ ಚೂರುಕಲ್ಲು. ಕೆಳಗೆ ಗಿರಣಿಯಲ್ಲಿ ಹಿಟ್ಟು ಮಾಡಿ ಹಲ್ಲುಜ್ಜುವ ಪೇಸ್ಟಿಗೆ ಕಳಿಸುತ್ತಾರೆ. ಆಫೀಸಿನಲ್ಲಿ ಎಂಜಿನಿಯರ್ ಹುಡುಗಿ ಕೂತಿದ್ದಳು. ಹಳದಿ ಹೆಲ್ಮೆಟ್ಟು, ಕೆಸರಿನ ಬೂಟು, ಮೂವತ್ತೂ ದಾಟಿಲ್ಲ.

"ಅಮ್ಮಾ, ಕಟ್ಟೆಯಲ್ಲಿ ಈಗ ಒಂಬತ್ತು ಕಲ್ಲಿವೆ. ನಿಮ್ಮ ಯಜಮಾನರ ಗುರುತು ಯಾವುದು?"

"ಒಂದು ದುಂಡು, ಅದರ ಮೇಲೆ ಮೊಲದ ಕಿವಿ ಹಾಗೆ ಎರಡು ಗೀಟು." ಅವನ ಸುತ್ತಿಗೆ, ಸಲಿಕೆ, ಚಾಕುವಿನ ಹಿಡಿ ಎಲ್ಲದರ ಮೇಲೂ ಅದೇ ಇತ್ತು.

ಪಾಪ, ಅವಳೇ ಮಳೆಯಲ್ಲಿ ಹೋಗಿ ನೋಡಿಬಂದಳು. "ಅದಿಲ್ಲಮ್ಮಾ. ಮೂರು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ಕಲ್ಲುಗಳನ್ನ ಸ್ವಲ್ಪ ಸರಿಸಿದ್ವಿ. ಆಗಲೂ ಇರಲಿಲ್ಲ, ಫೋಟೊ ಇದೆ."

ನನಗೆ ಅಷ್ಟೇ ಬೇಕಿತ್ತು. "ಸರಿಸಿದ್ರಾ, ಇಲ್ಲ ಅರೆದ್ರಾ?"

"ಛೆ, ಇಲ್ಲಮ್ಮಾ, ಅದು ಹೆಂಗೆ..."

"ಅರೆದಿದ್ದೀರಿ! ನನ್ನ ಗಂಡನ ತಲೆಗಲ್ಲನ್ನ ಪೇಸ್ಟ್ ಮಾಡಿ ಊರೋರ ಬಾಯಿಗೆ ತುರುಕಿದ್ದೀರಿ! ನಿಮ್ಮ ಹಲ್ಲೆಲ್ಲ ಉದುರಿಹೋಗ!"

ಒಟ್ಟು ನಾಲ್ಕು ಸಲ ಹತ್ತಿದೆ, ನಾಲ್ಕು ಸಲ ಇದೇ ಜಗಳ. ಮೂರನೆಯ ಸಲಕ್ಕೆ ಅವಳು ಕುರ್ಚಿಯನ್ನೂ ಬಿಸಿನೀರನ್ನೂ ಮೊದಲೇ ತಯಾರಾಗಿಟ್ಟಿದ್ದಳು, ಅದನ್ನು ನೋಡಿ ಇನ್ನೂ ಹೆಚ್ಚು ಸಿಟ್ಟು ಬಂತು. ಮನೆಯಲ್ಲಿದ್ದ ಪೇಸ್ಟನ್ನು ಕಸಕ್ಕೆ ಎಸೆದೆ. ಅವತ್ತಿನಿಂದ ಉಪ್ಪಿನಲ್ಲಿ ಹಲ್ಲುಜ್ಜಿದೆ. ಗೊತ್ತಿಲ್ಲದೆ ಗಂಡನನ್ನು ಉಜ್ಜಿ ಉಗಿಯಲು ನನಗೆ ಹುಚ್ಚೇ?

ಇತ್ತ ಇಲ್ವಾ ಅಂತ ನನ್ನ ನಾದಿನಿ ಒಬ್ಬಳು. ಅಪ್ಪ ಮಗನಿಗೆ ನಾಸ್ತಿಕ ಅಂತ ಹೆಸರಿಟ್ಟರೆ ಅಮ್ಮ ಈ ಮಗಳನ್ನು ಕದ್ದು ಚರ್ಚಿಗೆ ಕರೆದುಕೊಂಡು ಹೋಗಿ ಬೆಳೆಸಿದ್ದಳು. ಬೆಳಗಿನ ಪ್ರಾರ್ಥನೆ ಮುಗಿಸಿ ನೇರ ನಮ್ಮ ಅಡುಗೆಮನೆಗೆ ಬಂದು ಕೂರುವುದು ಅವಳ ದಿನಚರಿ.

"ಅತ್ತಿಗೆ, ನಮ್ಮಣ್ಣ ಇನ್ನೂ ಹಲಗೆ ಕೆಳಗೇ ಇದಾನಲ್ಲ. ಜನ ಏನಂತಾರೆ ಗೊತ್ತಾ?"

"ಏನಂತಾರೆ?"

"ಅರ್ಮಿದಾ ಹಂದಿಗೆ ಕೊಟ್ಟಿರೋ ಮರ್ಯಾದೆ ಗಂಡನಿಗೆ ಕೊಡಲಿಲ್ಲ ಅಂತಾರೆ. ಹಂದಿ ಅಮೃತಶಿಲೇಲಿ ಮಲಗಿದೆ, ಅಣ್ಣ ಮಣ್ಣಲ್ಲಿ ಮಲಗಿದಾನೆ ಅಂತ."

"ಜನ ಅಂತಾರೋ ನೀನೇ ಅಂತೀಯೋ?"

"ಯಾರಂದ್ರೇನು, ಸುಳ್ಳಾ?" ಅಂದು ಸಕ್ಕರೆ ಡಬ್ಬಿ ತನ್ನ ಕಡೆಗೆ ಎಳೆದುಕೊಂಡಳು.

ಈ ಏಪ್ರಿಲ್‌ನಲ್ಲಿ ಸ್ಮಶಾನದ ಕಚೇರಿಯಿಂದ ಕಾಗದ ಬಂತು. ಓಡಿದೆ. ಗಾಜಿನ ಹಿಂದೆ ಕೂತ ಗುಮಾಸ್ತೆ ಕನ್ನಡಕ ಏರಿಸಿ ನನಗೇ ಓದಿ ಹೇಳಿದಳು. "ಮಣ್ಣು ಮಾಡಿ ಒಂದು ವರ್ಷದೊಳಗೆ ಕಾಯಂ ಕಲ್ಲು ಇಡಬೇಕು. ಇಲ್ಲಾಂದ್ರೆ ನಾವೇ ನಂಬರ್ ಹಾಕಿದ ಸಿಮೆಂಟ್ ಹಲಗೆ ಇಡ್ತೀವಿ. ನಿಮ್ಮದು ಬರೋ ಶುಕ್ರವಾರಕ್ಕೆ ಮುಗಿಯತ್ತೆ."

"ಸಿಮೆಂಟಾ? ಈ ಊರಲ್ಲಾ?"

"ಎಲ್ಲ ಊರಿಗೂ ಒಂದೇ ನಿಯಮ ಅಮ್ಮಾ."

"ಅವನ ಕಲ್ಲು ಕಳೆದಿದೆ, ಹುಡುಕ್ತಾ ಇದೀನಿ. ಇನ್ನೊಂದು ತಿಂಗಳು ಕೊಡಿ."

"ಅದಕ್ಕೆ ಈ ಫಾರಮ್ಮಲ್ಲಿ ಜಾಗ ಇಲ್ಲ" ಅಂದಳು. ಫಾರಮ್ಮನ್ನು ತಿರುಗಿಸಿ ತೋರಿಸಿದಳು ಕೂಡ. ನಿಜವಾಗಿಯೂ ಜಾಗ ಇರಲಿಲ್ಲ.

ಕೊನೆಗೆ ಮಾನ ಬಿಟ್ಟು ಬಸ್ಸು ಹತ್ತಿ ಬಂದರಿನ ಹತ್ತಿರದ ಕಲ್ಲಿನ ಮಳಿಗೆಗೆ ಹೋದೆ. ಅಲ್ಲಿದ್ದವನು ನನ್ನನ್ನು ಸಾಲು ಸಾಲು ಕರಿ ಕಲ್ಲುಗಳ ಮುಂದೆ ನಿಲ್ಲಿಸಿದ. "ಈಗ ಎಲ್ಲರೂ ಇದನ್ನೇ ಹಾಕಿಸ್ತಾರಮ್ಮಾ. ದಕ್ಷಿಣ ಭಾರತದ್ದು, ಹಡಗಲ್ಲಿ ಬಂದಿದೆ. ಮುಖ ನೋಡ್ಕೋಬಹುದು." ನೋಡಿಕೊಂಡೆ. ಕೂದಲು ಕೆದರಿದ, ನಿದ್ದೆಗೆಟ್ಟು ಕಣ್ಣು ಊದಿದ ಒಬ್ಬ ಮುದುಕಿ. ಇಷ್ಟು ಒಳ್ಳೆಯ ಕಲ್ಲನ್ನು ಹಡಗಿಗೆ ಹಾಕಿ ಕಳಿಸಿದ ಆ ಊರಿನಲ್ಲೂ ನನ್ನಂಥವಳೊಬ್ಬಳು ಗಂಡನಿಗೆ ಕಲ್ಲು ಸಿಗದೆ ಅಲೆಯುತ್ತಿರಬಹುದು ಅನ್ನಿಸಿತು. ಬೇಡ ಅಂದೆ. ಬೆಟ್ಟದ ಮೇಲೆ ಬದುಕೆಲ್ಲ ಬಿಳಿ ಧೂಳು ಕುಡಿದವನನ್ನು ಕರಿ ಕಲ್ಲಿನ ಕೆಳಗೆ ಹಾಕಲು ಮನಸ್ಸು ಬರಲಿಲ್ಲ.

ಬುಧವಾರ ಬೆಳಿಗ್ಗೆ ಸೊಪ್ಪು ತರಲು ಹೋಗುತ್ತಿದ್ದೆ. ಕ್ಷೌರದಂಗಡಿಯ ಗಾಜಿನೊಳಗೆ ಅಲ್ದೆರಿಗೊ ಕೂತಿದ್ದು ಕಂಡಿತು. ಕುತ್ತಿಗೆಗೆ ಬಟ್ಟೆ ಬಿಗಿದಿದ್ದರು, ಅರ್ಧ ಗಡ್ಡ ಬೋಳಿಸಿ ಆಗಿತ್ತು, ಇನ್ನರ್ಧಕ್ಕೆ ನೊರೆ. ಇವತ್ತು ಇವನು ಎಲ್ಲಿಗೂ ಓಡುವುದಿಲ್ಲ ಅಂತ ಒಳಗೆ ನುಗ್ಗಿದೆ. ಕುರ್ಚಿಯ ಎರಡು ಕೈಯನ್ನೂ ಹಿಡಿದು ಅವನ ಮುಖಕ್ಕೆ ಮುಖ ಕೊಟ್ಟು ನಿಂತೆ.

"ನಾಡಿದ್ದು ಸಿಮೆಂಟು ಹಾಕ್ತಾರೆ. ಕೇಳಿಸ್ತಾ? ಸಿಮೆಂಟು! ಮೂವತ್ತು ವರ್ಷ ನಿನ್ನ ಜೊತೆ ಒಂದೇ ಹಗ್ಗ ಹಿಡಿದೋನಿಗೆ! ಈಗ ಹೇಳ್ತೀಯೋ, ಇಲ್ಲ ಆ ಕ್ಷೌರದ ಕತ್ತಿ ನಾನೇ ಇಸ್ಕೊಳ್ಳಲೋ?"

ಕ್ಷೌರದವನು ಕತ್ತಿಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಆಣೆ ಹಾಕಿಸ್ಕೊಂಡಿದ್ದ ಕಣೇ!" ಅಲ್ದೆರಿಗೊ ಕೂಗಿದ. ಅವನಿಗೆ ಮೆಲ್ಲಗೆ ಮಾತಾಡಲು ಬರುವುದೇ ಇಲ್ಲವಲ್ಲ. "ನಮ್ಮ ನಾಲ್ಕೂ ಜನರ ಹತ್ರ ಆಣೆ ಹಾಕಿಸ್ಕೊಂಡಿದ್ದ, ನಿನಗೆ ಹೇಳಬಾರದು ಅಂತ!"

"ಏನು ಹೇಳಬಾರದು ಅಂತ?"

"ಅವನ ಕಲ್ಲು ನಿನ್ನ ಮನೇಲಿದೆ ಅಂತ! ನೆಲಮಾಳಿಗೇಲಿ! ಅದರೊಳಗೇ ನೀನು ಹಂದಿ ಕೊಬ್ಬು ತುಂಬಿಟ್ಟಿದ್ದೀಯ ಅಂತ!"

ಹೊರಗೆ ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಎದುರು ಮನೆಯ ಕಿಟಕಿ ತೆರೆಯಿತು. ಹತ್ತೊಂಬತ್ತು ವರ್ಷ ನಾಲ್ವರು ಗಂಡಸರು ಬಚ್ಚಿಟ್ಟಿದ್ದ ಗುಟ್ಟು ಅರ್ಧ ನಿಮಿಷದಲ್ಲಿ ಇಡೀ ತೆಕ್ಕಿಯಾಕ್ಕೆ ಗೊತ್ತಾಯಿತು.

ನನ್ನ ಕೈ ಕುರ್ಚಿಯಿಂದ ಜಾರಿತು. ಅಲ್ದೆರಿಗೊ ಬಟ್ಟೆಯ ಅಂಚಿನಲ್ಲಿ ಬಾಯಿಯ ನೊರೆ ಒರೆಸಿಕೊಂಡ.

"ನಿನ್ನಮ್ಮನ ತೊಟ್ಟಿ ಒಡೀತಲ್ಲ, ನೀನು ಊಟ ಬಿಟ್ಟು ಕೂತಿದ್ದೆಯಂತೆ. ಕೊಬ್ಬು ಮಾಗಿಸೋಕೆ ಎಳೆಯಿಲ್ಲದ ಕಲ್ಲೇ ಆಗಬೇಕು, ಅಂಥದ್ದು ಎಲ್ಲ ಹಡಗಿಗೆ ಹೋಗ್ತಿತ್ತು. ಅವನ ಹತ್ರ ಇದ್ದ ಒಳ್ಳೇ ಕಲ್ಲು ಅದೊಂದೇ. ಬೇಡ ಕಣೋ ಅಂದ್ವಿ. ತಲೆಗಲ್ಲನ್ನ ಬೇರೆ ಕೆಲಸಕ್ಕೆ ಹಾಕಿದ್ರೆ ಕೇಡು, ಮತ್ತೊಂದು ಸಿಗಲ್ಲ ಅಂದ್ವಿ. ಅದಕ್ಕವನು ಏನಂದ ಗೊತ್ತಾ? 'ನಾನು ಸತ್ತ ಮೇಲೆ ಅವಳು ಅಳೋದು ನನಗೆ ಕಾಣ್ಸಲ್ಲ. ಈಗ ಅಳ್ತಿರೋದು ಕಾಣ್ಸತ್ತೆ' ಅಂದ. ಮೂರು ಭಾನುವಾರ ಐದೂ ಜನ ಕೂತು ಕೊರೆದ್ವಿ."

"ಅದಕ್ಕೇ ನೀವು ತಿಂತಿರಲಿಲ್ವಾ?"

"ಹೆಂಗೆ ತಿನ್ನೋದು ಅರ್ಮಿದಾ? ಅವನ ಗೋರಿ ಕಲ್ಲಿಂದ ತೆಗೆದಿದ್ದನ್ನ, ಅವನು ಎದುರಿಗೇ ಕೂತು ನಗ್ತಿರುವಾಗ?" ಅವನ ಕಣ್ಣಲ್ಲಿ ನೀರು ಬಂತು. "ವಾಸನೆ ಮಾತ್ರ ಹೊಟ್ಟೆ ತುಂಬ ಕುಡಿದಿದ್ದೀನಿ."

ಸೊಪ್ಪು ತರಲಿಲ್ಲ. ಮನೆಗೆ ಬಂದು ನೆಲಮಾಳಿಗೆಗೆ ಇಳಿದೆ. ಮೇಲಿನ ಕಿಂಡಿಯಿಂದ ಬಿಸಿಲು ಬಿದ್ದಿತ್ತು. ತೊಟ್ಟಿ ಗೋಡೆಯ ಪಕ್ಕಕ್ಕೆ ಕೂತಿದೆ, ಹಿಂದೆ ಒಂದು ಗೇಣು ಸಂದು. ಹತ್ತೊಂಬತ್ತು ವರ್ಷ ಮೂರು ಕಡೆ ಒರೆಸಿದ್ದೇನೆ, ನಾಲ್ಕನೆಯ ಕಡೆಗೆ ಕೈ ಹಾಕಿದವಳಲ್ಲ. ಭುಜದವರೆಗೆ ತೋಳು ತೂರಿಸಿ ತಡಕಿದೆ. ಜೇಡರ ಬಲೆ, ಧೂಳು, ತಣ್ಣನೆಯ ಕಲ್ಲು. ಬೆರಳಿಗೆ ಒಂದು ತಗ್ಗು ಸಿಕ್ಕಿತು. ದುಂಡಗೆ ತಿರುಗಿತು. ಅದರ ಮೇಲೆ ಒಂದು ಕಿವಿ. ಇನ್ನೊಂದು ಕಿವಿ.

ನನಗೆ ಬಂದದ್ದು ಅಳುವಲ್ಲ, ಕೋಪ. ಎಂಥ ಕೋಪ! "ಮುಠ್ಠಾಳ!" ಅಂತ ಕಿರುಚಿದೆ. "ಕತ್ತೆ! ನನ್ನನ್ನ ಒಂದು ಮಾತು ಕೇಳೋಕೆ ನಿನಗೇನು ರೋಗ ಬಂದಿತ್ತು? ಆ ಹುಡುಗಿ ಹಲ್ಲು ಉದುರಿಹೋಗಲಿ ಅಂತ ಶಾಪ ಹಾಕಿ ಬಂದೆನಲ್ಲೋ! ಆರು ತಿಂಗಳಿಂದ ಉಪ್ಪಲ್ಲಿ ಹಲ್ಲುಜ್ಜಿ ಒಸಡೆಲ್ಲ ಕಿತ್ತುಹೋಗಿದೆಯಲ್ಲೋ!" ತೊಟ್ಟಿಗೆ ಒಂದು ಒದೆಯೂ ಕೊಟ್ಟೆ. ಕಾಲಿನ ಹೆಬ್ಬೆರಳು ನೀಲಿಗಟ್ಟಿತು.

ಈಗ ಏನು ಮಾಡಲಿ? ಕಲ್ಲು ಸಿಕ್ಕಿತು, ಆದರೆ ಸಿಕ್ಕಿ ಪ್ರಯೋಜನವೇನು? ತೊಟ್ಟಿ ಒಡೆಸಿ ಗೋರಿಗೆ ಹಾಕಿದರೆ ಅವನು ನನಗಾಗಿ ಮಾಡಿದ್ದನ್ನು ನಾನೇ ಕೈಯಾರೆ ಪುಡಿ ಮಾಡಿದ ಹಾಗೆ. ಒಡೆಸದಿದ್ದರೆ ನಾಡಿದ್ದು ಸಿಮೆಂಟು. ಸಾಯುವಾಗಲೂ ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿ ಹೋದವನು ಇವನೊಬ್ಬನೇ ಇರಬೇಕು. ಅಲ್ಲೇ ಕೆಳಗೆ ಕೂತೆ. ಎಷ್ಟು ಹೊತ್ತು ಕೂತೆನೋ, ಎದ್ದೇಳಲು ಆಸರೆಗೆ ಅಂತ ಮುಚ್ಚಳದ ಅಂಚಿನ ಮೇಲೆ ಕೈಯಿಟ್ಟೆ.

ಮುಚ್ಚಳ. ಅದೂ ಅದೇ ಕಲ್ಲಿನದ್ದಲ್ಲವೇ? ಐದೂ ಜನ ಕೂತು ಕೊಯ್ದದ್ದಲ್ಲವೇ? ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದೆ. ಟಣ್ ಅಂದಿತು.

ಆದರೆ ಒಳಗೆ ಜನವರಿಯಲ್ಲಿ ತುಂಬಿದ ಕೊಬ್ಬಿತ್ತು. ಇನ್ನೂ ಎರಡು ತಿಂಗಳು ಮಾಗಬೇಕು, ಅಷ್ಟರವರೆಗೆ ಮುಚ್ಚಳ ಅಲ್ಲಾಡಿಸಬಾರದು. ಅಮ್ಮ ಇದ್ದಿದ್ದರೆ ಕೈ ಮುರಿಯುತ್ತಿದ್ದಳು. "ಕೆಟ್ಟರೆ ಕೆಡಲಿ" ಅಂತ ನಾನು ಬಾಯಿ ಬಿಟ್ಟು ಹೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು.

ಗುರುವಾರ ಮುಚ್ಚಳವನ್ನು ಅಂಗಳಕ್ಕೆ ತರಿಸಿದೆ, ಅಲ್ದೆರಿಗೊ ಉಳಿ ಸುತ್ತಿಗೆ ತಂದು ಅದರ ಮುಂದೆ ಕೂತ. ಗಡ್ಡ ಇನ್ನೂ ಅರ್ಧವೇ ಬೋಳಿಸಿತ್ತು, ನಾನು ಹೋದ ಮೇಲೆ ಎದ್ದು ಬಂದವನು ಮತ್ತೆ ಹೋಗಿರಲಿಲ್ಲ.  ಹೆಸರು ಕೆತ್ತಿದ, ಹುಟ್ಟಿದ ವರ್ಷ, ಸತ್ತ ವರ್ಷ ಕೆತ್ತಿದ, ಕೆಳಗೆ ಮೊಲದ ಕಿವಿಯ ಗುರುತು ಕೆತ್ತಿದ. ಸಾಗಿಸಲು ಗಾಡಿ ಬೇಕಲ್ಲ. ಎಂಜಿನಿಯರ್ ಹುಡುಗಿಗೆ ಫೋನ್ ಮಾಡಿದೆ. "ನೀವು ಅರೆದಿರಲಿಲ್ಲ" ಅಂದೆ. ಕ್ಷಮಿಸು ಅನ್ನಲು ಬಾಯಿ ಬರಲಿಲ್ಲ, ಅಷ್ಟೇ ಅಂದೆ. "ಗಾಡಿ ಎಷ್ಟು ಗಂಟೆಗೆ ಕಳಿಸಲಿ ಅಮ್ಮಾ?" ಅಂದಳು.

ಶುಕ್ರವಾರ ಬೆಳಿಗ್ಗೆ ಕ್ವಾರಿಯ ಏಳೂ ಜನ ಬಂದು ಕಲ್ಲು ನಿಲ್ಲಿಸಿದರು. ಗುಮಾಸ್ತೆ ಟೇಪು ಹಿಡಿದು ಹಾಜರಾದಳು.

"ಅಮ್ಮಾ, ಅಗಲ ನಾಲ್ಕು ಬೆರಳು ಜಾಸ್ತಿ ಇದೆ. ನಿಯಮದ ಪ್ರಕಾರ..."

"ಹಂದಿ ಅಳತೆಗೆ ಮಾಡಿದ್ದು. ಇವನ ಅಳತೆಗಲ್ಲ."

ಅವಳು ಬಗ್ಗಿ ನೋಡಿದಳು. ಮೂಗು ಅರಳಿತು. "ಇದೇನು ಬೆಳ್ಳುಳ್ಳಿ ವಾಸನೆ?"

"ಅದಕ್ಕೆ ನಿಮ್ಮ ಫಾರಮ್ಮಲ್ಲಿ ಜಾಗ ಇದೆಯಾ?" ಅಂದೆ. ಅವಳು ನನ್ನನ್ನು ನೋಡಿದಳು, ಅರ್ಧ ಗಡ್ಡದ ಅಲ್ದೆರಿಗೊನನ್ನು ನೋಡಿದಳು, ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು ಹೋದಳು.

ಬಿಸಿಲೇರಿದ ಹಾಗೆ ಕಲ್ಲಿನ ಒಳಮೈ ಬೆವರತೊಡಗಿತು. ಹತ್ತೊಂಬತ್ತು ವರ್ಷದ ಕೊಬ್ಬು ಅದರೊಳಗೆ ಇಳಿದಿತ್ತಲ್ಲ. ಮಧ್ಯಾಹ್ನದ ಹೊತ್ತಿಗೆ ಊರಿನ ಬೆಕ್ಕುಗಳೆಲ್ಲ ಅಲ್ಲಿದ್ದವು. ಒಂದು ಬೆಕ್ಕು ಅವನ ಹೆಸರನ್ನು ನೆಕ್ಕುತ್ತಿತ್ತು, ಎರಡು ಹಿಂದೆ ನಿಂತು ನೆಕ್ಕುತ್ತಿದ್ದವು. ಇಲ್ವಾ ಎದೆ ಬಡಿದುಕೊಂಡಳು. "ಅಯ್ಯೋ ದೇವರೇ, ನಮ್ಮಣ್ಣನ ಗೋರಿ ಮೇಲೆ ಬೆಕ್ಕು! ಓಡಿಸು ಅತ್ತಿಗೆ!"

"ಇರಲಿ ಬಿಡೇ. ಪಾದ್ರಿಗಿಂತ ವಾಸಿ ಅಂತಿದ್ದ ಅವನಾಗಿದ್ರೆ."

ಇಲ್ವಾ ಬಾಯಿ ತೆರೆದಳು, ಮತ್ತೆ ಅವಳಿಗೇ ನಗು ಬಂತು. ನಗುತ್ತಾ ನಗುತ್ತಾ ಅತ್ತುಬಿಟ್ಟಳು.

ತೊಟ್ಟಿಗೆ ಸ್ಮಶಾನದ ಆ ಮರದ ಹಲಗೆಯನ್ನೇ ತಂದು, ಕಾಯಿಸಿದ ನೀರಲ್ಲಿ ತಿಕ್ಕಿ ತೊಳೆದು ಮುಚ್ಚಿದ್ದೆ. ಜೂನ್‌ನಲ್ಲಿ ತೆಗೆದೆ. ನಾನು ಹೆದರಿದಂತೆಯೇ ಆಗಿತ್ತು, ಮರದ ಸಂದಿಯಲ್ಲಿ ಗಾಳಿ ಹೋಗಿ ಮೇಲಿನ ಪದರ ಪೂರ್ತಿ ಹಳದಿಯಾಗಿತ್ತು. ಕೆರೆದು ಕೋಳಿಗೆ ಹಾಕಿದೆ. ಅಡಿಯದು ಹೂವಿನ ಹಾಗೆ ಬೆಳ್ಳಗಿತ್ತು. ತೆಳ್ಳಗೆ ಕೊಯ್ದು, ಬಿಸಿ ರೊಟ್ಟಿಯ ಮೇಲೆ ಹಾಸಿ, ಈರುಳ್ಳಿಯ ಜೊತೆ ಬಟ್ಟೆಯಲ್ಲಿ ಕಟ್ಟಿಕೊಂಡು ಸ್ಮಶಾನಕ್ಕೆ ಹೋದೆ. ಅಲ್ದೆರಿಗೊ ಮೊದಲೇ ಬಂದು ಪಕ್ಕದ ಕಲ್ಲಿನ ಮೇಲೆ ಕೂತಿದ್ದ.

ಗಂಟು ಬಿಚ್ಚಿ ಅವನ ಮುಂದೆ ಹಿಡಿದೆ. "ಊಟ ಆಯ್ತು ಅನ್ನಬೇಡ ಈಗ. ಕಲ್ಲು ಅದರ ಜಾಗಕ್ಕೆ ಬಂದಾಯ್ತು."

ಅವನು ಎರಡು ಕೈಯಲ್ಲೂ ರೊಟ್ಟಿ ಹಿಡಿದು ಕಚ್ಚಿದ. ಕಣ್ಣು ಮುಚ್ಚಿ ತುಂಬ ಹೊತ್ತು ಅಗಿದ. ಹತ್ತೊಂಬತ್ತು ವರ್ಷ ಕಾದ ಬಾಯಿ ಏನು ಹೇಳುತ್ತದೋ ಅಂತ ನಾನು ಅವನ ಮುಖವನ್ನೇ ನೋಡುತ್ತಿದ್ದೆ.

"ಉಪ್ಪು ಒಂಚೂರು ಜಾಸ್ತಿ" ಅಂತ ಇಡೀ ಸ್ಮಶಾನಕ್ಕೆ ಕೇಳುವ ಹಾಗೆ ಕೂಗಿದ. ಇನ್ನೊಂದು ತುಂಡಿಗೆ ಕೈ ಚಾಚಿದ.

ನಾನು ಅತೆಯೊನ ಕಡೆ ತಿರುಗಿದೆ. "ಕೇಳಿದೆಯಾ ನಿನ್ನ ಗೆಳೆಯನ ಮಾತು? ಮೇಲಿನ ಪದರ ಪೂರ್ತಿ ಹಾಳಾಯ್ತು, ನಿನ್ನಿಂದಲೇ. ಅವತ್ತೇ ನನ್ನನ್ನ ಒಂದು ಮಾತು ಕೇಳಿದ್ದಿದ್ರೆ..."

ಕೇಳಿದ್ದಿದ್ದರೆ ನಾನು ಬೇಡ ಅನ್ನುತ್ತಿದ್ದೆ. ಖಂಡಿತ ಬೇಡ ಅನ್ನುತ್ತಿದ್ದೆ. ಅದು ಅವನಿಗೆ ಗೊತ್ತಿತ್ತು. ವರ್ಷವಿಡೀ ಬರದಿದ್ದ ಅಳು ಆಗ ಬಂತು, ರೊಟ್ಟಿ ಕೈಯಲ್ಲೇ ಇತ್ತು.

ಸಾಕಾದ ಮೇಲೆ ಮೂಗು ಒರೆಸಿಕೊಂಡು ಮೂರು ಸಲ ಕಲ್ಲು ತಟ್ಟಿದೆ. ಬುಡ ಮಣ್ಣಿನಲ್ಲಿ ಹೂತಿತ್ತಲ್ಲ, ಮೊದಲಿನ ಹಾಗೆ ಟಣ್ ಅನ್ನಲಿಲ್ಲ. ನಾನೇ "ಚೆನ್ನಾಗಿದೆ" ಅಂದು ರೊಟ್ಟಿ ತಿಂದೆ.